ಮನೆಯ ಆರೋಗ್ಯ: ಅಮ್ಮನ ನೋವು, ಅಪ್ಪನ ನೋವು



ಎರಡು ಮಾತುಗಳು ನಮ್ಮೆಲ್ಲರ ಮನೆಗಳಲ್ಲೂ ಕೇಳಿಬರುತ್ತವೆ. ಒಂದು: “ಇವಳಿಗೆ ದಿನಾ ಒಂದಲ್ಲ ಒಂದು ನೋವು ಇದ್ದದ್ದೇ.” ಇನ್ನೊಂದು: “ಗಂಡಸಾಗಿ ಇಷ್ಟಕ್ಕೆಲ್ಲ ಅಳುತ್ತೀಯಾ?” ಮೊದಲನೆಯದು ಹೆಂಗಸರ ನೋವನ್ನು ಹಗುರ ಮಾಡುತ್ತದೆ. ಎರಡನೆಯದು ಗಂಡಸರ ಬಾಯಿ ಮುಚ್ಚಿಸುತ್ತದೆ. ಈ ಎರಡು ಮಾತುಗಳನ್ನೂ ನಾವು ಆಡಿದ್ದೇವೆ ಎಂದು ಒಪ್ಪಿಕೊಂಡೇ ಈ ತಿಂಗಳ ಅಂಕಣವನ್ನು ಆರಂಭಿಸುತ್ತೇವೆ.

ನಮ್ಮ ಮನೆಯಲ್ಲೇ ನಡೆದದ್ದು. ಅಮ್ಮ ಅಂಗಳದಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಆರು ವಾರದ ಮೇಲೆ ಪ್ಲಾಸ್ಟರ್ ಬಿಚ್ಚಿದರು. ಎಕ್ಸ್‌-ರೇ ನೋಡಿ, ಮೂಳೆ ಚೆನ್ನಾಗಿ ಕೂಡಿದೆ ಎಂದರು. ಆದರೆ ಐದು ತಿಂಗಳಾದರೂ ಅಮ್ಮನ ಕೈ ಉರಿಯುವುದು ನಿಲ್ಲಲಿಲ್ಲ. ಸೀರೆಯ ಸೆರಗು ತಾಗಿದರೂ ಮುಖ ಕಿವಿಚುತ್ತಿದ್ದರು. “ಮೂಳೆ ಕೂಡಿದೆಯಲ್ಲ, ಸುಮ್ಮನೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ” ಎಂದು ಬುದ್ಧಿ ಹೇಳಿದವರು ನಾವೇ. ಅಪ್ಪನ ಕತೆ ಇದಕ್ಕೆ ತದ್ವಿರುದ್ಧ. ಸೊಂಟನೋವನ್ನು ಯಾರಿಗೂ ಹೇಳದೆ ವರ್ಷವಿಡೀ ನುಂಗಿಕೊಂಡು, ಒಂದು ಬೆಳಿಗ್ಗೆ ಹಾಸಿಗೆಯಿಂದ ಏಳಲಾಗದಾಗಲೇ ನಮಗೆ ತಿಳಿದದ್ದು.

ಹಾಗಾದರೆ ಗಾಯ ಮಾಗಿದ ಮೇಲೂ ನೋವು ಉಳಿಯುವುದು ಹೇಗೆ? ಅದು ಬರೀ ಭ್ರಮೆಯೇ?

ಖಂಡಿತ ಅಲ್ಲ. ಪೆಟ್ಟು ಬಿದ್ದ ಜಾಗದಿಂದ ನರಗಳು ಬೆನ್ನುಹುರಿಗೆ, ಬೆನ್ನುಹುರಿ ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಮಿದುಳಿನ ಕೆಲವು ಭಾಗಗಳು ನೋವು ಎಲ್ಲಿ, ಎಷ್ಟು ಎಂದು ಅಳೆಯುತ್ತವೆ. ಭಯ, ಬೇಸರ, ಆತಂಕಗಳನ್ನು ನೋಡಿಕೊಳ್ಳುವ ಬೇರೆ ಭಾಗಗಳೂ ಆ ಹೊತ್ತಿಗೇ ಎಚ್ಚರಗೊಳ್ಳುತ್ತವೆ. ಆದ್ದರಿಂದಲೇ ನೋವಿನ ಅಧ್ಯಯನಕ್ಕಾಗಿ ಇರುವ ಅಂತರರಾಷ್ಟ್ರೀಯ ಸಂಘವು 2020ರಲ್ಲಿ ತನ್ನ ವ್ಯಾಖ್ಯೆಯನ್ನು ಪರಿಷ್ಕರಿಸಿದಾಗಲೂ, ನೋವು ಇಂದ್ರಿಯದ ಅನುಭವವೂ ಹೌದು, ಭಾವನೆಯ ಅನುಭವವೂ ಹೌದು ಎಂಬುದನ್ನು ಉಳಿಸಿಕೊಂಡಿತು. ನೋವಾಗುತ್ತಿದೆ ಎಂದು ಒಬ್ಬರು ಹೇಳಿದರೆ ಆ ಮಾತನ್ನು ಗೌರವಿಸಬೇಕು ಎಂದೂ ಸೇರಿಸಿತು.

ನಮ್ಮ ನರಮಂಡಲಕ್ಕೆ ಅನುಭವಕ್ಕೆ ತಕ್ಕಂತೆ ಬದಲಾಗುವ ಗುಣವಿದೆ. ಗದ್ದೆಯ ಬದುವಿನ ಮೇಲೆ ದಿನವೂ ನಡೆದರೆ ಕಾಲುದಾರಿ ಬೀಳುವುದಿಲ್ಲವೇ? ಹಾಗೆಯೇ ನೋವಿನ ಸುದ್ದಿ ಮತ್ತೆ ಮತ್ತೆ ಹರಿದರೆ ಅದರ ದಾರಿ ಸವೆದು ಸಲೀಸಾಗುತ್ತದೆ. ಗಾಯದ ನಂತರ ಬೆನ್ನುಹುರಿಯೇ ಹೆಚ್ಚು ಸೂಕ್ಷ್ಮವಾಗಿಬಿಡುತ್ತದೆ ಎಂದು ಕ್ಲಿಫರ್ಡ್ ವೂಲ್ಫ್ ಎಂಬ ವಿಜ್ಞಾನಿ 1983ರಲ್ಲಿ ತೋರಿಸಿದರು. ಆಗ ಸೆರಗಿನ ಸ್ಪರ್ಶವೂ ನೋವಾಗಿಯೇ ಮಿದುಳನ್ನು ಮುಟ್ಟಬಹುದು. ಅಮ್ಮ ಸುಳ್ಳು ಹೇಳುತ್ತಿರಲಿಲ್ಲ.

ಇನ್ನು ಗಂಡು-ಹೆಣ್ಣಿನ ಮಾತು. ದೀರ್ಘಕಾಲದ ನೋವು ಹೆಂಗಸರಲ್ಲೇ ಹೆಚ್ಚು. ಮೈಗ್ರೇನ್ ತಲೆನೋವನ್ನೇ ನೋಡಿ: ಪ್ರಾಯಕ್ಕೆ ಬರುವ ಮೊದಲು ಹುಡುಗ-ಹುಡುಗಿಯರಲ್ಲಿ ಹೆಚ್ಚು ಅಂತರವಿಲ್ಲ. ಪ್ರಾಯದ ನಂತರ ಹೆಂಗಸರಲ್ಲಿ ಸುಮಾರು ಮೂರು ಪಟ್ಟು. ಇಷ್ಟಿದ್ದರೂ ನೋವಿನ ಸಂಶೋಧನೆ ನಡೆದದ್ದು ಹೆಚ್ಚಾಗಿ ಗಂಡು ಪ್ರಾಣಿಗಳ ಮೇಲೆ! ಕೆನಡಾದ ಮಾಂಟ್ರಿಯಲ್ ನಗರದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಜೆಫ್ರಿ ಮೋಗಿಲ್ 2005ರಲ್ಲಿ ಲೆಕ್ಕ ಹಾಕಿದರು. ನೋವಿನ ಕುರಿತ ಒಂದು ಪ್ರಮುಖ ಪತ್ರಿಕೆಯಲ್ಲಿ ಹತ್ತು ವರ್ಷ ಪ್ರಕಟವಾದ ಪ್ರಾಣಿ ಪ್ರಯೋಗಗಳಲ್ಲಿ ಶೇಕಡಾ 79ರಷ್ಟು ಗಂಡು ಪ್ರಾಣಿಗಳಿಗೇ ಸೀಮಿತವಾಗಿದ್ದವು.

2015ರಲ್ಲಿ ಮೋಗಿಲ್ ಮತ್ತು ಸಂಗಡಿಗರು ಗಂಡಿಲಿ, ಹೆಣ್ಣಿಲಿ ಎರಡನ್ನೂ ಪರೀಕ್ಷಿಸಿದರು. ನರಕ್ಕೆ ಪೆಟ್ಟಾದಾಗ ಎರಡಕ್ಕೂ ನೋವು ಒಂದೇ ಬಗೆಯದು. ಆದರೆ ಗಂಡಿಲಿಗಳಲ್ಲಿ ಆ ನೋವನ್ನು ಉಳಿಸುತ್ತಿದ್ದುದು ಬೆನ್ನುಹುರಿಯ ಕಾವಲು ಕೋಶಗಳಾದ ಮೈಕ್ರೋಗ್ಲಿಯಾ. ಅವನ್ನು ತಡೆದರೆ ನೋವು ಇಳಿಯಿತು. ಹೆಣ್ಣಿಲಿಗಳಲ್ಲಿ ಅವನ್ನೇ ತಡೆದರೂ ನೋವು ಇಳಿಯಲಿಲ್ಲ. ಅಲ್ಲಿ ಕೆಲಸ ಮಾಡುತ್ತಿದ್ದುದು ರಕ್ತದ ಟಿ ಕೋಶಗಳು ಎಂಬ ಸೂಚನೆ ಸಿಕ್ಕಿತು. ಊರು ಒಂದೇ, ಹೋಗುವ ದಾರಿ ಎರಡು! ಒಂದು ದಾರಿಯನ್ನು ಮಾತ್ರ ನೋಡಿ ತಯಾರಿಸಿದ ಔಷಧ ಇನ್ನೊಬ್ಬರಿಗೆ ನಾಟದಿದ್ದರೆ ಅದು ಅವರ ತಪ್ಪೇ? ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯು 2016ರಲ್ಲಿ, ತನ್ನ ಹಣ ಪಡೆಯುವ ಸಂಶೋಧಕರು ಗಂಡು-ಹೆಣ್ಣಿನ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ನಿಯಮ ಮಾಡಿತು.

ಇಲ್ಲೊಂದು ಎಚ್ಚರಿಕೆ. ಇದು ಇಲಿಗಳ ಮೇಲಿನ ಅಧ್ಯಯನ. ಮನುಷ್ಯರಿಗೆ ಹಾಗೆಯೇ ಅನ್ವಯಿಸಲಾಗದು. “ಗಂಡು ಮಿದುಳೇ ಬೇರೆ, ಹೆಣ್ಣು ಮಿದುಳೇ ಬೇರೆ” ಎಂದು ಗೆರೆ ಎಳೆಯುವುದೂ ಸರಿಯಲ್ಲ. ಇಸ್ರೇಲಿನ ದಾಫ್ನಾ ಜೋಯೆಲ್ ಮತ್ತು ಸಂಗಡಿಗರು 2015ರಲ್ಲಿ 1,400ಕ್ಕೂ ಹೆಚ್ಚು ಮಿದುಳುಗಳ ಚಿತ್ರಗಳನ್ನು ಪರಿಶೀಲಿಸಿದಾಗ, ಹೆಚ್ಚಿನವು ಎರಡೂ ಬಗೆಯ ಲಕ್ಷಣಗಳ ಮಿಶ್ರಣವಾಗಿದ್ದವು. ಹಾರ್ಮೋನು, ವಯಸ್ಸು, ಬೆಳೆದ ರೀತಿ ಎಲ್ಲವೂ ಸೇರಿಯೇ ಒಬ್ಬರ ನೋವು ರೂಪುಗೊಳ್ಳುತ್ತದೆ. “ಅಳಬೇಡ” ಎಂದು ಕೇಳುತ್ತಲೇ ಬೆಳೆದ ಹುಡುಗ ನೋವನ್ನು ಹೇಳುವುದನ್ನೇ ಕಲಿಯುವುದಿಲ್ಲ.

ಕೊನೆಗೊಂದು ಸಂತೋಷದ ಸುದ್ದಿ. ಸವೆದ ದಾರಿಯಲ್ಲಿ ಮತ್ತೆ ಹುಲ್ಲು ಬೆಳೆಯಬಹುದು. ಬಹುಕಾಲದ ಸೊಂಟದ ಕೀಲುನೋವಿನಿಂದ ಬಳಲಿದವರ ಮಿದುಳಿನ ಕೆಲವು ಭಾಗಗಳಲ್ಲಿ ಕುಗ್ಗಿದ್ದ ಬೂದು ದ್ರವ್ಯವು, ಕೀಲು ಬದಲಿಸಿ ನೋವು ಹೋದ ಮೇಲೆ ಮತ್ತೆ ಹೆಚ್ಚಿತು ಎಂದು ಜರ್ಮನಿಯ ವೈದ್ಯರು 2009ರಲ್ಲಿ ವರದಿ ಮಾಡಿದರು. ಎಂದರೆ, ಚಿಕಿತ್ಸೆಗೆ ಅರ್ಥವಿದೆ.

ನಾವೇನು ಮಾಡಬಹುದು?

• ನೋವೆಂದವರ ಮಾತನ್ನು ಮೊದಲು ನಂಬೋಣ. ಎಲ್ಲಿ, ಎಂದಿನಿಂದ, ಯಾವಾಗ ಹೆಚ್ಚು ಎಂದು ಕೇಳಿ ಒಂದು ಪುಸ್ತಕದಲ್ಲಿ ಬರೆದಿಡೋಣ. ವೈದ್ಯರಿಗೆ ಅದು ಬಹಳ ಉಪಯುಕ್ತ.

• ಮೂರು ತಿಂಗಳು ದಾಟಿದ ನೋವನ್ನು “ವಯಸ್ಸಾಯಿತು” ಎಂದು ತಳ್ಳಿಹಾಕುವುದು ಬೇಡ. ಅಂಗಡಿಯಿಂದ ತಾವೇ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗುವುದೂ ಬೇಡ.

• ಶಾಲೆ ತಪ್ಪಿಸುವಷ್ಟು ಮುಟ್ಟಿನ ನೋವು ಮಗಳಿಗಿದ್ದರೆ ವೈದ್ಯರಿಗೆ ತೋರಿಸಿ. ಎಂಡೊಮೆಟ್ರಿಯೋಸಿಸ್ ಎಂಬ ಕಾಯಿಲೆ ಹತ್ತರಲ್ಲಿ ಒಬ್ಬರಿಗೆ ಇರುತ್ತದೆ.

• ವೈದ್ಯರು ವ್ಯಾಯಾಮ, ಒಳ್ಳೆಯ ನಿದ್ದೆ, ಆಪ್ತಸಮಾಲೋಚನೆ ಸೂಚಿಸಿದರೆ “ನನಗೇನು ಹುಚ್ಚೇ?” ಎಂದು ಮುನಿಯಬೇಡಿ. ನೋವು ಮತ್ತು ಭಾವನೆ ಒಂದೇ ಮಿದುಳಿನಲ್ಲಿ ಅಕ್ಕಪಕ್ಕದ ಮನೆಯವರು.

ಅಮ್ಮನನ್ನು ಮತ್ತೆ ವೈದ್ಯರ ಬಳಿಗೆ ಕರೆದೊಯ್ದೆವು. ಫಿಸಿಯೋಥೆರಪಿ ಶುರುವಾಯಿತು. ನೋವು ಪೂರ್ತಿ ಹೋಗಿಲ್ಲ; ಆದರೆ ಈಗ ಚಪಾತಿ ಹಿಟ್ಟು ಕಲಸುತ್ತಾರೆ. ಅಪ್ಪನೂ “ಇವತ್ತು ಸೊಂಟ ಹಿಡಿದಿದೆ” ಎಂದು ಬಾಯಿಬಿಟ್ಟು ಹೇಳುವುದನ್ನು ಕಲಿತಿದ್ದಾರೆ. ಆ ದಿನ ಅಮ್ಮ ನಮಗೆ ಹೇಳಿದ ಮಾತು ಮರೆಯುವಂತಿಲ್ಲ: “ಔಷಧಿ ಆಮೇಲೆ ಕೆಲಸ ಮಾಡಿತು. ನೀವು ನಂಬಿದಿರಲ್ಲ, ಅದು ಮೊದಲು.”