ಬೆಸುಗೆಗೇನು ಗಂಡು, ಹೆಣ್ಣು?

ಕಾದ ಹಂಚಿನ ಮೇಲಿನ ರೊಟ್ಟಿಯನ್ನು ಬರಿಗೈಯಿಂದ ತಿರುವಿ ಹಾಕುವ ಹೆಣ್ಣಿಗೆ, ಸೋಲ್ಡರಿಂಗ್ ಐರನ್ ಹಿಡಿದರೆ ಕೈ ಸುಟ್ಟೀತು ಎಂದು ಬುದ್ಧಿ ಹೇಳುವವರಿದ್ದಾರೆ. ದಿನಕ್ಕೆ ಮೂವತ್ತು ರೊಟ್ಟಿ ಬಡಿಯುವಾಗ ಸುಡದ ಕೈ ಇಲ್ಲಿ ಮಾತ್ರ ಹೇಗೆ ಸುಡುತ್ತದೆಯೋ! ಒಲೆಯ ಬೆಂಕಿಗೆ ಕೂಲಿಯಿಲ್ಲ, ಐರನ್ನಿನ ಬೆಂಕಿಗೆ ಕೂಲಿಯುಂಟು. ವ್ಯತ್ಯಾಸ ಅಷ್ಟೇ ಇರಬೇಕು.

ಮೂಡಲಗಿಯಲ್ಲಿರುವ ನನ್ನ ತಂಗಿಯ ಮಗಳು ಎಲೆಕ್ಟ್ರಿಕ್ ಗಿಟಾರ್ ಬಾರಿಸುತ್ತಾಳೆ. ಕಾಲೇಜಿನ ಗ್ಯಾದರಿಂಗಿನಲ್ಲಿ ಅವಳಿಗೆ ಚಪ್ಪಾಳೆಯೋ ಚಪ್ಪಾಳೆ. ಒಂದು ದಿನ ಗಿಟಾರು ಮೂಕಾಯಿತು. ದೊಡ್ಡ ಊರಿನ ಅಂಗಡಿಗೆ ಒಯ್ದೆವು. ಅಂಗಡಿಯಾತ ಒಂದು ತಿರುಪನ್ನೂ ಬಿಚ್ಚದೆ, ‘ಪಿಕಪ್ ಸುಟ್ಟೈತ್ರಿ ಬಾಯಾರ, ಹೊಸಾದ ಹಾಕಬೇಕ್ರಿ’ ಅಂದ. ಹುಡುಗಿ, ‘ಮೀಟರ್ ಹಚ್ಚಿ ನೋಡ್ರಿ ಕಾಕಾ’ ಅಂದಳು. ‘ಹೆಣ್ಣಹುಡುಗ್ಯಾರಿಗೆ ಇದೆಲ್ಲಾ ಯಾಕ ಬೇಕವಾ?’ ಎಂದು ನಕ್ಕ. ಮನೆಗೆ ಬಂದು ಅವಳೇ ಬಿಚ್ಚಿದಳು. ಕೇಬಲ್ ಚುಚ್ಚುವ ಜಾಕಿನ ಬೆನ್ನಿಗೆ ಅಂಟಿರಬೇಕಾದ ತಂತಿ ಕಳಚಿ ನೇತಾಡುತ್ತಿತ್ತು. ಒಂದು ಹನಿ ಸೋಲ್ಡರಿನ ಕೆಲಸ!

ಈ ಪಿಕಪ್ ಎಂಬುದು ಮಹಾ ಮಂತ್ರವಿದ್ಯೆಯೇನಲ್ಲ. ಅಯಸ್ಕಾಂತಗಳ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ತಂತಿಯನ್ನು ಏಳೆಂಟು ಸಾವಿರ ಸುತ್ತು ಸುತ್ತಿರುತ್ತಾರೆ. ಉಕ್ಕಿನ ತಂತಿ ಅದರ ಮುಂದೆ ಕಂಪಿಸಿದರೆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ, ಅಷ್ಟೆ. ಆ ಸುರುಳಿಯನ್ನು ಸುತ್ತಿದವರು ಯಾರು ಗೊತ್ತೆ? ಅಮೆರಿಕದ ಫೆಂಡರ್ ಕಾರ್ಖಾನೆಗೆ 1956ರಲ್ಲಿ ಕೆಲಸಕ್ಕೆ ಸೇರಿದ ಅಬಿಗೇಲ್ ಇಬಾರಾ ಎಂಬ ಹೆಣ್ಣುಮಗಳು ಅರ್ಧ ಶತಮಾನಕ್ಕೂ ಮಿಕ್ಕಿ ದುಡಿದು 2013ರಲ್ಲಿ ನಿವೃತ್ತಳಾದಳು. ಅವಳ ಕೈಯ ಪಿಕಪ್ಪುಗಳನ್ನು ಗಿಟಾರ್ ವಾದಕರು ಹುಡುಕಿಕೊಂಡು ಹೋಗುತ್ತಾರೆ. ಹೆಣ್ಣು ಸುತ್ತಿದ ಸುರುಳಿಯನ್ನು ಹೆಣ್ಣು ರಿಪೇರಿ ಮಾಡಬಾರದೆಂದರೆ ಯಾವ ನ್ಯಾಯ?

ದೋಷ ಹುಡುಕುವುದು ಅಕ್ಕಿಯಲ್ಲಿ ಕಲ್ಲು ಆರಿಸಿದಷ್ಟೇ ತಾಳ್ಮೆಯ ಕೆಲಸ. ಮೊದಲು ಕೇಬಲ್ ಬದಲಿಸಿ ನೋಡಬೇಕು. ಆಮೇಲೆ ವಾಲ್ಯೂಮ್ ಪೂರ್ತಿ ತಿರುವಿ, ಗಿಟಾರಿಗೆ ಚುಚ್ಚಿದ ಕೇಬಲ್ಲಿನ ಇನ್ನೊಂದು ತುದಿಗೆ ಮೀಟರ್ ಹಚ್ಚಬೇಕು. ಒಂದೇ ಸುರುಳಿಯ ಪಿಕಪ್ ಸಾಮಾನ್ಯವಾಗಿ 5ರಿಂದ 8 ಕಿಲೋ ಓಮ್ ತೋರಿಸುತ್ತದೆ. ಸೊನ್ನೆ ಬಂದರೆ ಎಲ್ಲೋ ಎರಡು ತಂತಿ ತಾಗಿಕೊಂಡಿವೆ. ನೂರಾರು ಕಿಲೋ ಓಮ್ ಬಂದರೆ, ಇಲ್ಲವೆ ಮೀಟರ್ ಏನೂ ತೋರಿಸದಿದ್ದರೆ, ಎಲ್ಲೋ ಕಡಿದಿದೆ. ತಂತಿ ಮುಟ್ಟಿದಾಗ ಗುಂಯ್ ಎನ್ನುವ ಸದ್ದು ಹೆಚ್ಚಾದರೆ ಜಾಕಿನ ಎರಡು ತಂತಿ ಅದಲುಬದಲಾಗಿರಬಹುದು. ಎರಡು ಪಿಕಪ್ ಒಟ್ಟಿಗೆ ಹಾಕಿದಾಗ ದನಿ ಬಡಕಲಾದರೆ ಒಂದರ ತಂತಿಗಳು ತಿರುಗುಮುರುಗಾಗಿವೆ. ಮಂಕಾಗಿ, ಹರಳುಹರಳಾಗಿ ಕಾಣುವ ಬೆಸುಗೆ ಹಸಿ ಬೆಸುಗೆ, ಬೇಯದ ರೊಟ್ಟಿಯ ಹಾಗೆ. ಐರನ್ನಿನಿಂದ ಸೋಲ್ಡರನ್ನಲ್ಲ, ಕೂಡಿಸುವ ಜಾಗವನ್ನು ಕಾಯಿಸಬೇಕು. ಅಲ್ಲಿ ಸೋಲ್ಡರ್ ತಾನೇ ಕರಗಿ ಹರಿಯುತ್ತದೆ. ಬೆಸುಗೆಯ ಹೊಗೆ ಹೊರಹೋಗಲು ಕಿಟಕಿ ತೆರೆದಿಡಬೇಕು, ಸೋಲ್ಡರಿನಲ್ಲಿ ಸೀಸವಿರಬಹುದಾದ್ದರಿಂದ ಕೆಲಸದ ಮೇಲೆ ಕೈ ತೊಳೆಯಬೇಕು. ಗಿಟಾರಿನ ತಂತಿ ಮುಟ್ಟಿದರೆ ಶಾಕ್ ಹೊಡೆಯುತ್ತದೆ ಎಂದರೆ ಮಾತ್ರ ಆಟ ಬೇಡ. ಆಂಪ್ಲಿಫೈಯರಿನ ಅಥವಾ ಮನೆಯ ಅರ್ಥಿಂಗ್ ಕೆಟ್ಟಿರುತ್ತದೆ, ಅದನ್ನು ತಿಳಿದವರೇ ನೋಡಬೇಕು.

ಇದರಲ್ಲಿ ಮೀಸೆ ಬೇಕಾದ ಕೆಲಸ ಯಾವುದು, ಹೇಳಿ ನೋಡೋಣ!

ನಮ್ಮದು ವಿದ್ಯುತ್ತನ್ನು ಮೊದಲೇ ಕಂಡ ಸೀಮೆ. ಬಹಳ ಹಿಂದೆಯೇ ಗೋಕಾಕ ಜಲಪಾತದಲ್ಲಿ ಘಟಪ್ರಭೆಯ ನೀರಿನಿಂದ ವಿದ್ಯುತ್ ತಯಾರಾಯಿತು. ಹುಕ್ಕೇರಿಯಲ್ಲಿ 1969ರಲ್ಲಿ ಹುಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ದೇಶದ ಮೊದಲ ಐದರಲ್ಲಿ ಒಂದು. ಹೆಣ್ಣು ರಂಗಕ್ಕೇರುವುದೂ ನಮಗೆ ಹೊಸದಲ್ಲ. ಶ್ರೀಕೃಷ್ಣ ಪಾರಿಜಾತದಲ್ಲಿ ಹೆಸರು ಮಾಡಿದ ಕೌಜಲಗಿ ನಿಂಗಮ್ಮ ಈ ನೆಲದವಳೇ. ಇಷ್ಟಾದರೂ ಫ್ಯೂಜ್ ಹೋದರೆ ಗಂಡಸರು ಬರುವವರೆಗೆ ನಾವು ಕತ್ತಲಲ್ಲಿ ಕೂಡುತ್ತೇವೆ.

ಹೆಣ್ಣಿಗೆ ಸ್ವಾವಲಂಬನೆ ಎಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಹೊಲಿಗೆ ಯಂತ್ರ. ಹೊಲಿಗೆ ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಮಿಕ್ಸರ್, ಫ್ಯಾನ್, ಮೈಕು, ಗಿಟಾರು ರಿಪೇರಿ ಮಾಡುವ ಅಂಗಡಿಯ ಗಲ್ಲೆಯ ಹಿಂದೆ ಒಬ್ಬ ಹೆಣ್ಣುಮಗಳು ಏಕೆ ಕೂಡಬಾರದು? ಸೂಜಿಗೆ ದಾರ ಪೋಣಿಸುವ ಕಣ್ಣು ತಂತಿಯ ತುದಿಯನ್ನು ಕಾಣದೆ?

ತಾಯಂದಿರೆ, ಮಗಳ ಹುಟ್ಟುಹಬ್ಬಕ್ಕೆ ಇನ್ನೊಂದು ಡ್ರೆಸ್ಸು ಬೇಡ. ಕೆಲವು ನೂರು ರೂಪಾಯಿಗೆ ಮೀಟರು, ಐರನ್ನು ಎರಡೂ ಬರುತ್ತವೆ. ಅವಳು ಮೊದಲು ಮಾಡುವ ಬೆಸುಗೆ ವಕ್ರವಾದೀತು. ನಮ್ಮ ಮೊದಲ ರೊಟ್ಟಿಯೇನು ಗುಂಡಗಿತ್ತೆ?