ಎಆರ್‌ಟಿ ಜತೆಗೆ ಲಿವರ್ ತಪಾಸಣೆಯೂ ಆಗಲಿ
ಹೆಪಟೈಟಿಸ್ ಸಿ ಸದ್ದಿಲ್ಲದೆ ಲಿವರ್ ತಿನ್ನುವ ರೋಗ. ಎಚ್‌ಐವಿ ಜತೆಗಿದ್ದರೆ ಇನ್ನೂ ಬೇಗ. ಲಸಿಕೆಯಿಲ್ಲ, ಆದರೆ ಗುಣವಾಗುತ್ತದೆ: ಸೊಫೊಸ್‌ಬುವಿರ್, ಡಕ್ಲಟಾಸ್‌ವಿರ್ ಗುಳಿಗೆಗಳನ್ನು ಸಾಮಾನ್ಯವಾಗಿ 12 ವಾರ ನುಂಗಿದರೆ ನೂರಕ್ಕೆ 90ಕ್ಕೂ ಹೆಚ್ಚು ಮಂದಿ ಪಾರು, ಎಚ್‌ಐವಿ ಇದ್ದವರೂ ಅಷ್ಟೇ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಪರೀಕ್ಷೆ, ಔಷಧ ಎರಡೂ ಉಚಿತ. ಎಚ್‌ಐವಿ ಚಿಕಿತ್ಸೆಯಾದ ಎಆರ್‌ಟಿಯಲ್ಲಿ ಎಫಾವಿರೆಂಜ್ ಔಷಧ ಇದ್ದರೆ ಡಕ್ಲಟಾಸ್‌ವಿರ್ ಅನ್ನು 60ರಿಂದ 90 ಮಿಲಿಗ್ರಾಂಗೆ ಏರಿಸಬೇಕಾಗುತ್ತದೆ. ಹಾಗಾಗಿ ನಾಚಿಕೆಗೆ ವೈದ್ಯರಿಂದ ಎಚ್‌ಐವಿ ಮುಚ್ಚಿಟ್ಟರೆ ಕೆಡುವುದು ಚಿಕಿತ್ಸೆಯೇ. ಗೋಕಾಕ ಫಾಲ್ಸ್‌ನ ಗಿರಣಿ ಕಾರ್ಮಿಕ, ಮೂಡಲಗಿ, ಹುಕ್ಕೇರಿಯ ಕೂಲಿಯವರು ಈ ಪರೀಕ್ಷೆ, ಔಷಧಕ್ಕಾಗಿ ಪಗಾರ ಬಿಟ್ಟು ಬೆಳಗಾವಿಗೆ ಅಲೆಯುವಂತಾಗಬಾರದು. ಆರೋಗ್ಯ ಇಲಾಖೆ ತಾಲ್ಲೂಕು ಆಸ್ಪತ್ರೆಯಲ್ಲೇ ರಕ್ತದ ಮಾದರಿ ಪಡೆದು, ವರದಿ, ಗುಳಿಗೆ ಎರಡನ್ನೂ ಅಲ್ಲೇ ಕೊಡಲಿ.