ಆಸ್ಪತ್ರೆ ಬೇಕು, ದಾದಿಯರು ಬೇಡವೇ?

2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯೊಬ್ಬರನ್ನು ಹೊತ್ತು ಕುಂದಾಪುರದತ್ತ ಧಾವಿಸುತ್ತಿದ್ದ ಆಂಬುಲೆನ್ಸ್ ಶಿರೂರಿನ ಟೋಲ್ ಗೇಟ್‌ನಲ್ಲಿ ಮಗುಚಿ ಬಿದ್ದು ನಾಲ್ವರು ಪ್ರಾಣ ಕಳೆದುಕೊಂಡರು. ಉತ್ತರ ಕನ್ನಡ ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂದು 2019ರಲ್ಲೇ ಸಾಮಾಜಿಕ ಜಾಲತಾಣಗಳಲ್ಲಿ ಎದ್ದಿದ್ದ ಕೂಗು ಈ ದುರಂತದ ಬಳಿಕ ಬೀದಿಗೂ ಬಂತು. ಭಟ್ಕಳ, ಹೊನ್ನಾವರ, ಕುಮಟಾದ ಜನರು ಧರ್ಮ, ಪಕ್ಷಗಳ ಭೇದವಿಲ್ಲದೆ ಒಂದೇ ಸ್ವರದಲ್ಲಿ ಮಾತನಾಡಿದ ಅಪರೂಪದ ಸಂದರ್ಭವದು. ಬೇಡಿಕೆ ನ್ಯಾಯವಾದದ್ದು. ಅದರ ಬಗ್ಗೆ ನಮ್ಮಲ್ಲಿ ಎರಡು ಮಾತಿಲ್ಲ.

ಆದರೆ ಆಸ್ಪತ್ರೆಯೆಂದರೆ ಕಟ್ಟಡವೂ ಯಂತ್ರಗಳೂ ಮಾತ್ರವೇ? ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡದಂತೆ ಸಾಮಾನ್ಯ ಆಸ್ಪತ್ರೆಯ ವಾರ್ಡಿನಲ್ಲಿ ಐವರು ರೋಗಿಗಳಿಗೆ ಒಬ್ಬ ದಾದಿ ಇರಬೇಕು. ತೀವ್ರ ನಿಗಾ ಘಟಕದಲ್ಲಾದರೆ ಪ್ರತಿ ಹಾಸಿಗೆಗೂ ಒಬ್ಬರು, ಅದೂ ಪ್ರತಿ ಪಾಳಿಯಲ್ಲಿ. ಅಂದರೆ ಹತ್ತೇ ಹಾಸಿಗೆಗಳ ಘಟಕವೊಂದಕ್ಕೆ ದಿನದ ಮೂರು ಪಾಳಿಗಳಿಗೆ ಮೂವತ್ತು ಮಂದಿ ಬೇಕು. ರಜೆಯ ಲೆಕ್ಕ ಬೇರೆ. ಇವರೆಲ್ಲ ಎಲ್ಲಿಂದ ಬರಬೇಕು? ಮಂಗಳೂರಿನ ನರ್ಸಿಂಗ್ ಕಾಲೇಜುಗಳಿಗೆ ಕೇರಳದ ಮಕ್ಕಳು ದಶಕಗಳಿಂದ ಬಂದು ಕಲಿತು ಹೋಗುತ್ತಿದ್ದಾರೆ. ಅದೇ ಕರಾವಳಿಯ ನಮ್ಮ ಮನೆಗಳಿಂದ ಹೋದವರೆಷ್ಟು ಎಂದು ನಾವು ನಮ್ಮನ್ನೇ ಕೇಳಿಕೊಳ್ಳಬೇಕು. ಬಂಡೆ ನೋಡಲು ಬರುವವರಿಗೆ ಯಾಣ ಒಂದು ದಿನದ ಪ್ರವಾಸ. ಅಂಥ ಕಾಡಿನ ಹಳ್ಳಿಗಳಲ್ಲಿ ವಾಸಿಸುವವರಿಗೆ ಮೊದಲು ಸಿಗುವ ಆರೋಗ್ಯ ಸೇವೆ ತಜ್ಞ ವೈದ್ಯರದ್ದಲ್ಲ, ಉಪಕೇಂದ್ರದ ದಾದಿಯದ್ದು. ಗುಡ್ಡಗಾಡಿನಲ್ಲಿ 3,000 ಜನರಿಗೊಂದು ಉಪಕೇಂದ್ರ ಇರಬೇಕೆಂಬುದು ನಿಯಮ. ಅಲ್ಲಿನ ಹುದ್ದೆ ಖಾಲಿ ಬಿದ್ದರೆ ಹೆರಿಗೆಯ ನೋವು ಕಾಯುವುದಿಲ್ಲ.

ಇತ್ತೀಚಿನ ವರ್ಷಗಳಲ್ಲಿ ನಮ್ಮ ಪಟ್ಟಣಗಳಲ್ಲಿ ಒಂದು ಹೊಸ ಪ್ರಶ್ನೆ ಕೇಳಿಬರುತ್ತಿದೆ. ಬಿ.ಎ., ಬಿ.ಕಾಂ. ಮುಗಿಸಿ ಮನೆಯಲ್ಲಿರುವ ಮಹಿಳೆಯರು, ಮಕ್ಕಳನ್ನು ಶಾಲೆಗೆ ಸೇರಿಸಿ ಉಸಿರು ಬಿಟ್ಟ ತಾಯಂದಿರು, ಕೊಲ್ಲಿಯ ಅಂಗಡಿಗಳಲ್ಲಿ ಹತ್ತು ವರ್ಷ ದುಡಿದು 2020ರ ಸಂಕಷ್ಟದಲ್ಲಿ ಮರಳಿದ ಯುವಕರು ಕೇಳುತ್ತಿದ್ದಾರೆ: ಈಗ ನರ್ಸಿಂಗ್ ಕಲಿಯಬಹುದೇ? ಬೇಗ ಮುಗಿಯುವ ಕೋರ್ಸ್ ಇದೆಯೇ? ಮೊದಲ ಪ್ರಶ್ನೆಗೆ ಉತ್ತರ ಹೌದು. ಎರಡನೆಯದಕ್ಕೆ ಉತ್ತರವನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ಯಾಕೆಂದರೆ ಅದೇ ಪ್ರಶ್ನೆಯ ಮೇಲೆ ದಂಧೆ ನಡೆಸುವವರು ಕಾದು ಕುಳಿತಿದ್ದಾರೆ.

ಅಮೆರಿಕದಲ್ಲಿ ಬೇರೆ ವಿಷಯದಲ್ಲಿ ಪದವಿ ಪಡೆದವರು ಒಂದು, ಒಂದೂವರೆ ವರ್ಷದಲ್ಲಿ ನರ್ಸಿಂಗ್ ಪದವಿ ಮುಗಿಸುವ ತ್ವರಿತ ಕೋರ್ಸ್‌ಗಳಿವೆ. ಬ್ರಿಟನ್ನಿನಲ್ಲಿ ಪದವೀಧರರಿಗೆ ಎರಡು ವರ್ಷದ ದಾರಿಯಿದೆ. ಅಲ್ಲಿ ನೆಲೆಸಿದ ನಮ್ಮ ಕುಟುಂಬಗಳಿಂದ ಈ ಸುದ್ದಿ ಊರಿಗೂ ತಲುಪುತ್ತದೆ. ಭಾರತದಲ್ಲಿ ಅಂಥ ವ್ಯವಸ್ಥೆ ಇಲ್ಲ. ಇಲ್ಲಿ ಹಿಂದಿನ ಬಿ.ಕಾಂ. ಪದವಿಗಾಗಿ ನರ್ಸಿಂಗ್‌ನಲ್ಲಿ ಒಂದು ದಿನವೂ ಕಡಿತವಾಗುವುದಿಲ್ಲ. ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷ. ಅದಕ್ಕೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು. ವಾಣಿಜ್ಯ ಅಥವಾ ಕಲಾ ವಿಭಾಗದಲ್ಲಿ ಪಿಯುಸಿ ಮಾಡಿದವರಿಗೆ ತೆರೆದಿರುವುದು ಮೂರು ವರ್ಷದ ಜಿ.ಎನ್.ಎಂ. ಡಿಪ್ಲೊಮಾ. ವಿಜ್ಞಾನದವರಿಗೆ ಅಲ್ಲಿ ಆದ್ಯತೆಯಿದೆ, ಆದರೆ ಉಳಿದವರಿಗೆ ಬಾಗಿಲು ಮುಚ್ಚಿಲ್ಲ. ಪಿಯುಸಿಯಲ್ಲೂ ಇಂಗ್ಲಿಷ್ ವಿಷಯದಲ್ಲೂ ಶೇ. 40 ಅಂಕ ಬೇಕು. ಎ.ಎನ್.ಎಂ. ಎರಡು ವರ್ಷದ್ದು. ಪದವಿ ಕೋರ್ಸಿಗೂ ಜಿ.ಎನ್.ಎಂ.ಗೂ ಸೇರುವ ಗರಿಷ್ಠ ವಯಸ್ಸು 35. ಮೂವತ್ತು ದಾಟಿತೆಂದು ಕೈಚೆಲ್ಲಿ ಕುಳಿತವರು ಈ ಸಂಖ್ಯೆಯನ್ನು ಗಮನಿಸಬೇಕು. ಮೂವತ್ತನಾಲ್ಕರವರು ಇನ್ನೊಂದು ವರ್ಷ ಯೋಚಿಸುತ್ತಾ ಕೂರಬಾರದು.

‘ಎರಡು ವರ್ಷದ ಬಿ.ಎಸ್ಸಿ.’ ಎಂಬ ಮಾತನ್ನು ಹಲವರು ಕೇಳಿರಬಹುದು. ಅದು ಪೋಸ್ಟ್ ಬೇಸಿಕ್ ಬಿ.ಎಸ್ಸಿ., ಜಿ.ಎನ್.ಎಂ. ಮುಗಿಸಿ ನೋಂದಾಯಿತರಾದ ದಾದಿಯರಿಗೆ ಮಾತ್ರ. ವಾಣಿಜ್ಯ ಓದಿದವರು ಈ ದಾರಿಯಲ್ಲಿ ಪದವಿ ತಲುಪಲು ಒಟ್ಟು ಐದು ವರ್ಷ ಬೇಕು. ಆದರೆ ಮೂರನೇ ವರ್ಷ ಮುಗಿಯುತ್ತಲೇ ಅವರು ನೋಂದಾಯಿತ ದಾದಿಯಾಗಿ ದುಡಿಯಬಲ್ಲರು. ಮನೆ ನಡೆಸಬೇಕಾದವರಿಗೆ ಇದು ಸಣ್ಣ ವ್ಯತ್ಯಾಸವಲ್ಲ.

ಬಸ್ ನಿಲ್ದಾಣಗಳ ಗೋಡೆಗಳಲ್ಲಿ ‘ಆರು ತಿಂಗಳಲ್ಲಿ ನರ್ಸಿಂಗ್, ವಿದೇಶದಲ್ಲಿ ಉದ್ಯೋಗ’ ಎಂಬ ಧಾಟಿಯ ಭಿತ್ತಿಪತ್ರಗಳಿಗೇನೂ ಬರವಿಲ್ಲ. ರೋಗಿಯ ಪಕ್ಕ ಕೂರುವ ಸಹಾಯಕಿಯ ತರಬೇತಿ ಬೇರೆ, ನರ್ಸಿಂಗ್ ಬೇರೆ. ಸಹಾಯಕಿಯ ಕೆಲಸವೂ ಮರ್ಯಾದೆಯದೇ. ಆದರೆ ಅದನ್ನು ನರ್ಸಿಂಗ್ ಎಂಬ ಹೆಸರಲ್ಲಿ ಮಾರುವುದು ವಂಚನೆ. ರಾಜ್ಯ ನರ್ಸಿಂಗ್ ಪರಿಷತ್ತಿನಲ್ಲಿ ನೋಂದಣಿಯಾಗದ ಪ್ರಮಾಣಪತ್ರ ಎಷ್ಟೇ ಬಣ್ಣದ್ದಾಗಿದ್ದರೂ ಕಾಗದವಷ್ಟೇ. ಕೊಲ್ಲಿ ರಾಷ್ಟ್ರಗಳಲ್ಲಿ ಪರವಾನಗಿ ನೀಡುವ ಮೊದಲು ಪ್ರಮಾಣಪತ್ರವನ್ನು ಅದನ್ನು ಕೊಟ್ಟ ಸಂಸ್ಥೆಯಿಂದಲೇ ಪರಿಶೀಲಿಸುತ್ತಾರೆ, ಅನಂತರ ಪರೀಕ್ಷೆ ನಡೆಸುತ್ತಾರೆ. ಅಲ್ಲಿ ಪರಿಚಯ, ಶಿಫಾರಸು ಯಾವುದೂ ನಡೆಯದು. ತಲೆಮಾರುಗಳಿಂದ ದುಬೈ, ಸೌದಿಯ ವ್ಯವಹಾರ ಬಲ್ಲ ಭಟ್ಕಳದ ಮಂದಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಮಗಳ ಒಡವೆ ಅಡವಿಟ್ಟು ಏಜೆಂಟರ ಕೈಗೆ ಹಣ ಕೊಡುವವರು ಇದ್ದಾರೆ. ಸೇರುವ ಮೊದಲು ಕಾಲೇಜಿಗೆ ಮಾನ್ಯತೆ ಇದೆಯೇ, ಅದಕ್ಕೆ ಸೇರಿದ ಆಸ್ಪತ್ರೆಯಲ್ಲಿ ನಿಜವಾಗಿ ರೋಗಿಗಳಿದ್ದಾರೆಯೇ ಎಂದು ಸ್ವತಃ ಹೋಗಿ ನೋಡಿ ಬನ್ನಿ. ಖಾಲಿ ಹಾಸಿಗೆಗಳ ನಡುವೆ ಯಾರೂ ಶುಶ್ರೂಷೆ ಕಲಿಯಲಾರರು.

ಇನ್ನು ನಮ್ಮದೇ ಮನೆಯೊಳಗಿನ ಅಡ್ಡಗೋಡೆ. ಮಗಳು ವೈದ್ಯೆಯಾದರೆ ಸಿಹಿ ಹಂಚುವವರು ದಾದಿಯಾಗುತ್ತೇನೆಂದರೆ ಮುಖ ಸಿಂಡರಿಸುತ್ತಾರೆ. ಪ್ರವಾದಿವರ್ಯರ(ಸ) ಕಾಲದಲ್ಲಿ ರುಫೈದಾ ಅಲ್ ಅಸ್ಲಮಿಯಾ(ರ) ಗಾಯಾಳುಗಳಿಗಾಗಿ ಮಸೀದಿಯ ಅಂಗಳದಲ್ಲೇ ಡೇರೆ ಹಾಕಿದ್ದರು. ಕಂದಕ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್(ರ)ರನ್ನು ಆರೈಕೆಗೆಂದು ಅವರ ಡೇರೆಗೇ ಒಯ್ಯಲಾಗಿತ್ತು. ಈ ಚರಿತ್ರೆಯನ್ನು ವೇದಿಕೆಯಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸುವ ನಾವು, ಸಂಬಂಧ ನೋಡುವಾಗ ಮಾತ್ರ ‘ಹುಡುಗಿಗೆ ರಾತ್ರಿ ಪಾಳಿ ಇದೆಯೇ’ ಎಂದು ವಿಚಾರಿಸುತ್ತೇವೆ! 2020ರಲ್ಲಿ ಭಟ್ಕಳದ ಸೋಂಕಿತರನ್ನು ಕಾರವಾರದ ನೌಕಾನೆಲೆಯ ಪತಂಜಲಿ ಆಸ್ಪತ್ರೆಗೆ ಸಾಗಿಸಲಾಯಿತು. ಮನೆಯವರಿಗೂ ಹತ್ತಿರ ಸುಳಿಯಲಾಗದ ಆ ದಿನಗಳಲ್ಲಿ ಅವರಿಗೆ ಔಷಧಿ ಕೊಟ್ಟವರು, ರಾತ್ರಿ ಎದ್ದು ಜ್ವರ ನೋಡಿದವರು ಯಾರು? ಅವರಿಗೂ ರಾತ್ರಿ ಪಾಳಿಯಿತ್ತು, ಮನೆಯಲ್ಲಿ ಮಕ್ಕಳಿದ್ದರು.

ಉಡುಪಿನ ಕುರಿತ ಆತಂಕ ಸಹಜ. ಕಾಲೇಜಿನ ನಿಯಮವೇನೆಂದು ಪ್ರವೇಶಕ್ಕೆ ಮೊದಲೇ ಕೇಳಿ ತಿಳಿಯಬೇಕು, ಮಧ್ಯದಲ್ಲಿ ವಿವಾದವಾಗಬಾರದು. (ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಂತೂ ಎಲ್ಲರೂ ತಲೆ ಮುಚ್ಚಲೇಬೇಕು.) ಗಂಡಸರು ಈ ಕೆಲಸಕ್ಕೆ ಸಲ್ಲರೆಂಬ ಭಾವನೆಯೂ ಹುರುಳಿಲ್ಲದ್ದು; ಆಸ್ಪತ್ರೆಗಳಲ್ಲಿ ‘ಬ್ರದರ್’ ಎಂದು ಕರೆಸಿಕೊಳ್ಳುವವರು ಈಗ ಸಾಕಷ್ಟಿದ್ದಾರೆ.

ನಿಜವಾದ ತೊಂದರೆ ಸಂಬಳದ್ದು. ಸುಪ್ರೀಂ ಕೋರ್ಟಿನ ಆದೇಶದಂತೆ ಕೇಂದ್ರ ಸರಕಾರ ನೇಮಿಸಿದ ಸಮಿತಿಯು 2016ರಲ್ಲಿ, 50ಕ್ಕಿಂತ ಕಡಿಮೆ ಹಾಸಿಗೆಗಳ ಖಾಸಗಿ ಆಸ್ಪತ್ರೆಯಲ್ಲೂ ದಾದಿಯ ಮಾಸಿಕ ವೇತನ 20,000 ರೂಪಾಯಿಗಿಂತ ಕಡಿಮೆಯಿರಬಾರದೆಂದು ಹೇಳಿತು. ಅದು ಎಷ್ಟರ ಮಟ್ಟಿಗೆ ಜಾರಿಯಾಗಿದೆಯೆಂದು ತಾಲೂಕು ಕೇಂದ್ರದ ಯಾವುದೇ ನರ್ಸಿಂಗ್ ಹೋಮಿನ ದಾದಿಯನ್ನು ಕೇಳಿ ನೋಡಿ. ಮೂವತ್ತರ ವಯಸ್ಸಿನಲ್ಲಿ ಹೊಸ ವೃತ್ತಿಗಿಳಿಯುವವರು ಮೊದಲ ವರ್ಷಗಳ ಈ ಬವಣೆಯನ್ನು ಲೆಕ್ಕಕ್ಕೆ ತೆಗೆದುಕೊಂಡೇ ಹೆಜ್ಜೆಯಿಡಬೇಕು. ದೊಡ್ಡ ಆಸ್ಪತ್ರೆ ಕೇಳುವ ನಮ್ಮ ಮನವಿ ಪತ್ರಗಳಲ್ಲಿ ಈ ವೇತನದ ಸಾಲೊಂದು ಇರಲಿ.

ಮೂರು ವರ್ಷ ಓದುವ ತಾಯಿಯ ಮಕ್ಕಳನ್ನು ನೋಡಿಕೊಳ್ಳುವವರಾರು? ಹಾಸ್ಟೆಲ್ ಶುಲ್ಕ ಕಟ್ಟುವವರಾರು? ಅತ್ತೆಯೂ ಗಂಡನೂ ಮನೆಯ ಕೆಲಸ ಹಂಚಿಕೊಳ್ಳದಿದ್ದರೆ ಮೊದಲ ಪರೀಕ್ಷೆಗೆ ಮೊದಲೇ ಆಕೆ ಮನೆಗೆ ಮರಳುತ್ತಾಳೆ. 1919ರಲ್ಲಿ ಅಂಜುಮನ್ ಸಂಸ್ಥೆಯನ್ನು ಕಟ್ಟಿ ಶಿಕ್ಷಣಕ್ಕೆ ಅಡಿಪಾಯ ಹಾಕಿದ ಊರು ಭಟ್ಕಳ. ಹಣದ ಕೊರತೆಯ ನೆಪ ಅದಕ್ಕೆ ಒಪ್ಪುವುದಿಲ್ಲ. ಭಟ್ಕಳ, ಹೊನ್ನಾವರ, ಕುಮಟಾದ ಜಮಾಅತ್‌ಗಳು ಸೇರಿ ವರ್ಷಕ್ಕೆ ಹತ್ತು ಮಂದಿಯ ಶುಲ್ಕ ವಹಿಸಲಿ. ವಿಧವೆಯರು, ಪರಿತ್ಯಕ್ತೆಯರು, ಕೊಲ್ಲಿಯಿಂದ ಬರಿಗೈಯಲ್ಲಿ ಮರಳಿದವರಿಗೆ ಮೊದಲ ಅವಕಾಶ ಸಿಗಲಿ. ಅವರು ಕಲಿತು ಬಂದು ಕನಿಷ್ಠ ಎರಡು ವರ್ಷ ಈ ಜಿಲ್ಲೆಯಲ್ಲೇ ದುಡಿಯಬೇಕೆಂಬ ಕರಾರು ಹಾಕುವುದರಲ್ಲಿಯೂ ತಪ್ಪಿಲ್ಲ.